ಮೀನೂಟದ ಬೆಲೆಗೊಂದು ಚಪ್ಪಲಿ ಆರ್ಕಿಡ್

ಬೆಳಕು ಇನ್ನೂ ಬೆಟ್ಟದ ಆಚೆಗೇ ಇದೆ. ಚಾಪೆಲ್ ಸಭಾಂಗಣದ ಬಾಗಿಲು ಸುಲಭಕ್ಕೆ ಬಗ್ಗುವಂಥದ್ದಲ್ಲ. ಭುಜ ಕೊಟ್ಟು ಒತ್ತಿ, ತುಸು ಮೇಲೆತ್ತಿ, ಆಮೇಲೆ ಕೀಲಿ ತಿರುಗಿಸಬೇಕು. ಬೆರಿಲ್ ಗ್ರೀನ್‌ವುಡ್ ಅವರಿಗೆ ಇದು ಕೈ ಕಂಡ ಕೆಲಸ. ಒಳಗೆ ಹೋದವರೇ ದೀಪಕ್ಕೂ ಮೊದಲು ಹೀಟರ್ ಹಚ್ಚುತ್ತಾರೆ.

"ಜನ ಸ್ವೆಟರ್ ಹಾಕ್ಕೊಂಡ್ ಬರ್ತಾರೆ. ಗಿಡಗಳು ಪಾಪ, ಬರಿ ಮೈಯಲ್ಲಿ ಬರ್ತವೆ" ಎನ್ನುತ್ತಾ ಉದ್ದನೆಯ ಮಡಚು ಮೇಜನ್ನು ಎಳೆದು, ಒರೆಸಿ, ಅದರ ಮೇಲೆ ಹಳೇ ಪೇಪರ್ ಹಾಸುತ್ತಾರೆ. ಚಹಾದ ದೊಡ್ಡ ಪಾತ್ರೆಗೆ ನೀರು ತುಂಬುತ್ತಾರೆ. ಅಷ್ಟಾದ ಮೇಲೆ ರಸ್ತೆ ದಾಟಿ, ಮುಚ್ಚಿರುವ ಮೀನೂಟದ ಅಂಗಡಿಯ ಗಾಜಿಗೆ ಮೂಗು ಒತ್ತಿ, ಒಳಗಿನ ಬೆಲೆಪಟ್ಟಿಯನ್ನು ಓದಿಕೊಂಡು ಬರುತ್ತಾರೆ. ಒಂದು ಮೀನು, ಒಂದು ಪಾಲು ಚಿಪ್ಸ್, ಅದರ ಜೊತೆ ಬೇಯಿಸಿದ ಬಟಾಣಿ. ಅಲ್ಲಿ ಬರೆದ ಮೊತ್ತವನ್ನು ಇಲ್ಲಿ ಸ್ಲೇಟಿನ ಮೇಲೆ ಬರೆದು ಮೇಜಿನ ಮುಂದೆ ನಿಲ್ಲಿಸುತ್ತಾರೆ. ಇವತ್ತು ಈ ಮೇಜಿನ ಮೇಲಿನ ಯಾವ ಆರ್ಕಿಡ್ಡೂ ಆ ಬೆಲೆಯನ್ನು ಮೀರುವಂತಿಲ್ಲ.

ಇಂಗ್ಲೆಂಡಿನ ಕಾಲ್ಡರ್ ಕಣಿವೆಯ ಈ ಆರ್ಕಿಡ್ ಸಂಘಕ್ಕೆ ಇದೊಂದು ಹಳೆಯ ಕಟ್ಟಳೆ. ಬಟ್ಟೆ ಗಿರಣಿಗಳು ಹಗಲೂ ರಾತ್ರಿ ಗಡಗಡ ಎನ್ನುತ್ತಿದ್ದ ಕಾಲದಲ್ಲಿ ಆರ್ಕಿಡ್ ಎಂದರೆ ಮಾಲೀಕರ ಗಾಜಿನಮನೆಯ ಸ್ವತ್ತು. ಅಲ್ಲಿನ ತೋಟದವರು ದೊಡ್ಡ ಗಿಡವನ್ನು ಚೂರುಗಳಾಗಿ ಬಿಡಿಸುವಾಗ ಮುರಿದು ಬಿದ್ದ ಮರಿಗಳನ್ನು ಜೇಬಿನಲ್ಲಿಟ್ಟು ಮನೆಗೆ ತರುತ್ತಿದ್ದರು. ಅದರಲ್ಲೂ ಚಪ್ಪಲಿ ಆರ್ಕಿಡ್. ಮೂತಿ ಮುಂದೆ ಮಾಡಿದ ಚಪ್ಪಲಿಯ ಹಾಗೆ ಅದರ ಹೂವಿನ ತುಟಿ. ಹಸಿರು, ಕಂದು, ಹಳದಿಯ ಮೈ. ಎಷ್ಟೋ ವಾರ ಬಾಡದೆ ನಿಲ್ಲುವ ಹೂ. ನೇಯುವವರ ಅಡುಗೆಮನೆ ಕಿಟಕಿಗಳಲ್ಲಿ ಅವು ಬೇರುಬಿಟ್ಟವು. ಸಂಘ ಕಟ್ಟಿದಾಗ ಬೆಲೆ ಎಷ್ಟಿರಬೇಕೆಂಬ ಮಾತು ಬಂತು. ಶನಿವಾರ ರಾತ್ರಿ ಮೀನು ತಿನ್ನಲು ಶಕ್ತಿಯಿದ್ದವನಿಗೆ ಗಿಡ ಕೊಳ್ಳಲೂ ಶಕ್ತಿಯಿರಬೇಕು ಎಂದು ತೀರ್ಮಾನವಾಯಿತು. ಆ ಮಗ್ಗಗಳ ಸದ್ದು ಈಗ ಮುದುಕರ ಕಿವಿಯಲ್ಲಿ ಮಾತ್ರ ಉಳಿದಿದೆ. ಗಿರಣಿಗಳು ಫ್ಲಾಟುಗಳಾಗಿವೆ. ಕಟ್ಟಳೆ ಮಾತ್ರ ಸ್ಲೇಟಿನ ಮೇಲೆ ಇನ್ನೂ ಜೀವ ಹಿಡಿದಿದೆ.

ಅದಕ್ಕೂ ಈಗ ಸಂಚಕಾರ ಬಂದಿದೆ. ಸಂಘದ ಕಾರ್ಯದರ್ಶಿ ರೋಜರ್ ಫರ್ನ್‌ಲಿ, ಈ ಕಟ್ಟಳೆಯನ್ನು ತೆಗೆಯಬೇಕೆಂಬ ಸೂಚನೆಯನ್ನು ಹೋದ ತಿಂಗಳೇ ಗೋಡೆಗೆ ಅಂಟಿಸಿದ್ದಾರೆ. ಇವತ್ತು ಚಹಾ ಆದ ಮೇಲೆ ಕೈ ಎತ್ತಿಸುತ್ತಾರೆ. ರೋಜರ್ ಕೆಟ್ಟವರೇನಲ್ಲ. ಸಭಾಂಗಣದ ಬಾಡಿಗೆ ಏರಿದೆ, ಸದಸ್ಯರು ಇಳಿದಿದ್ದಾರೆ, ಒಳ್ಳೆಯ ಗಿಡವಿದ್ದವರು ಇಲ್ಲಿಗೆ ತರದೆ ಕಂಪ್ಯೂಟರಿನಲ್ಲಿ ಮಾರಿಕೊಳ್ಳುತ್ತಿದ್ದಾರೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ.

ಬೆರಿಲ್ ವಾರವೆಲ್ಲ ಶಾಲೆಯ ನೆಲ ಒರೆಸುತ್ತಾರೆ, ಶನಿವಾರ ಈ ಸಭಾಂಗಣ. ವಯಸ್ಸು ಎಪ್ಪತ್ತರ ಹತ್ತಿರ. ಮಾರಾಟದ ಮೇಜು ನೋಡಿಕೊಳ್ಳುವ ಕೆಲಸ ಯಾರೂ ಕೊಟ್ಟದ್ದಲ್ಲ. ಮೇಜು ಒರೆಸುತ್ತಿದ್ದವರ ಕೈಗೇ ಒಮ್ಮೆ ಯಾರೋ ದುಡ್ಡಿನ ಡಬ್ಬಿ ಕೊಟ್ಟು ಹೋದರು, ಅಷ್ಟೇ. ಸಂಘದ ವಾರ್ಷಿಕ ಫೋಟೋಗಳಲ್ಲಿ ಅವರಿಲ್ಲ, ಏಕೆಂದರೆ ಫೋಟೋ ತೆಗೆಯುವ ಹೊತ್ತಿಗೆ ಅವರು ಚಹಾದ ಕಪ್ಪು ತೊಳೆಯುತ್ತಿರುತ್ತಾರೆ.

ಅವರ ಮೊದಲ ಚಪ್ಪಲಿ ಆರ್ಕಿಡ್ ಬಂದದ್ದೂ ಇದೇ ಮೇಜಿನಿಂದ. ಬೆರಿಲ್ ಮತ್ತು ಗಂಡ ಡೆರೆಕ್ ಇಬ್ಬರೂ ಕೆಲಸಕ್ಕಿದ್ದ ಗಿರಣಿ ಬಾಗಿಲು ಹಾಕಿದ ವಾರ ಅದು. "ಮೀನು ತರ್ತೀನಿ ಅಂತ ಹೋದೋಳು ಗಿಡ ಹಿಡ್ಕೊಂಡ್ ಬಂದೆ. ಬೈತಾನೆ ಅನ್ಕೊಂಡಿದ್ದೆ. ಬ್ರೆಡ್ಡಿಗೆ ಬೆಣ್ಣೆ ಸವರ್ಕೊಂಡ್ ತಿಂದು, ಕಿಟಕಿ ಹತ್ರ ಹಲಗೆ ಹೊಡ್ಯೋಕೆ ಶುರು ಮಾಡ್ದ" ಎಂದು ಬೆರಿಲ್ ನಗುತ್ತಾರೆ. ಆ ಗಿಡವನ್ನು ಅವರು ಒಮ್ಮೆಯೂ ಬಿಡಿಸಿರಲಿಲ್ಲ. ಭಾನುವಾರ ಬಂದರೆ ಕುಂಡವನ್ನು ಬೆಳಕಿಗೆ ಒಂದಿಷ್ಟು ತಿರುಗಿಸುವುದು ಡೆರೆಕ್ ಕೆಲಸವಾಗಿತ್ತು. ಅವರು ತೀರಿಹೋಗಿ ಕೆಲವು ಚಳಿಗಾಲಗಳಾದವು. ಗಿಡವೀಗ ಒಬ್ಬರು ತಬ್ಬಿ ಎತ್ತುವಷ್ಟು ದೊಡ್ಡದು. ಈ ಬೆಳಿಗ್ಗೆ ಬೆರಿಲ್ ಅದಕ್ಕೆ ಕಂಬಳಿ ಹೊದಿಸಿ, ಮಗುವಿನ ಹಳೇ ಗಾಡಿಯಲ್ಲಿ ಕೂರಿಸಿಕೊಂಡು ತಂದಿದ್ದಾರೆ.

ರೋಜರ್ ಬಂದವರೇ ಕಂಬಳಿ ಎತ್ತಿ ನೋಡಿ ಹಿಗ್ಗುತ್ತಾರೆ. "ಅಂತೂ ತಂದ್ರಲ್ಲ ಬೆರಿಲ್! ಎಷ್ಟು ವರ್ಷದಿಂದ ಬಡ್ಕೋತಿದೀನಿ. ಮುಂದಿನ ಚಳಿಗಾಲಕ್ಕೆ ಇದನ್ನ ದೊಡ್ಡ ಪ್ರದರ್ಶನಕ್ಕೆ ಇಡೋಣ. ಕಪ್ ನಮ್ದೇ. ನಾಲ್ಕು ಜನ ನಮ್ ಸಂಘದ ಹೆಸರು ಕೇಳ್ತಾರೆ."

"ಮೊದ್ಲು ಚಹಾ ಕುಡೀರಿ" ಎನ್ನುತ್ತಾರೆ ಬೆರಿಲ್.

ಬಾಗಿಲು ತೆರೆದಾಗ ಮೊದಲು ಒಳಬಂದವನು ಟ್ಯಾಕ್ಸಿ ಓಡಿಸುವ ನದೀಮ್. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾನೆ, ಕಣ್ಣು ಕೆಂಪಗಿವೆ. ಆಗಷ್ಟೇ ಚಂದಾ ಕಟ್ಟಿ ಸದಸ್ಯನಾಗಿ, ಹೂಬಿಟ್ಟ ಒಂದು ಗಿಡಕ್ಕೆ ಕೈ ಹಾಕುತ್ತಾನೆ.

"ಅದನ್ ಬಿಡು ಮರಿ" ಎಂದು ಬೆರಿಲ್ ಅವನ ಕೈಯನ್ನು ಮೆಲ್ಲಗೆ ತಟ್ಟುತ್ತಾರೆ. "ಹೂ ನೋಡಿ ತಗೊಂಡೋರು ಹೂ ಉದುರಿದ ಮೇಲೆ ಅಳ್ತಾರೆ. ಮನೇಲಿ ಬೆಚ್ಚಗಿರುತ್ತಾ?"

"ಎಲ್ಲಿ ಬೆಚ್ಚಗೆ ಆಂಟಿ? ಹೀಟರ್ ಹಚ್ಚಿದ್ರೆ ನಮ್ಮಮ್ಮ ನನ್ನನ್ನೇ ಸುಡ್ತಾಳೆ."

"ಹಂಗಾದ್ರೆ ಎಲೆ ಮೇಲೆ ಮಚ್ಚೆ ಇರೋದು ನಿಂಗಾಗಲ್ಲ, ಅದಕ್ಕೆ ಶಾಖ ಬೇಕು. ಪೂರ್ತಿ ಹಸಿರು ಎಲೇದು ಚಳಿ ತಡ್ಕೊಳುತ್ತೆ. ಹಿಡಿದು ಸ್ವಲ್ಪ ಅಲ್ಲಾಡಿಸಿ ನೋಡು. ಕುಂಡದಲ್ಲಿ ಗಿಡ ಓಲಾಡ್ತಿದ್ರೆ ಬೇರಿಲ್ಲ ಅಂತ. ಒಂಟಿ ಮರಿ ಅಗ್ಗ ಅಂತ ತಗೋಬೇಡ, ಮೂರು ಒಟ್ಟಿಗಿರೋದ್ ನೋಡು. ಒಂದಕ್ಕೊಂದು ಆಸರೆ."

"ಹೂ ಯಾವಾಗ?"

"ಅದ್ ಬಿಟ್ಟಾಗ."

ನದೀಮ್ ನಗುತ್ತಾನೆ. ತನಗೆ ಬೇಕಾದಂಥದ್ದು ಮೇಜಿನ ಮೇಲೆ ಕಾಣುತ್ತಿಲ್ಲವಲ್ಲ ಎಂದು ಸುತ್ತ ನೋಡುತ್ತಾನೆ. "ಇಲ್ಲೇ ಇರು, ಹೊರಟುಬಿಡ್ಬೇಡ" ಎನ್ನುತ್ತಾರೆ ಬೆರಿಲ್.

ಚಹಾ ಮುಗಿಯುತ್ತದೆ. ರೋಜರ್ ಎದ್ದು ನಿಂತು ತಮ್ಮ ಲೆಕ್ಕಾಚಾರವನ್ನು ಬಿಡಿಸಿ ಹೇಳುತ್ತಾರೆ. ಒಳ್ಳೆಯ ಗಿಡಕ್ಕೆ ಒಳ್ಳೆಯ ಬೆಲೆ ಸಿಗದಿದ್ದರೆ ಇನ್ನೆರಡು ವರ್ಷದಲ್ಲಿ ಈ ಮೇಜೂ ಇರುವುದಿಲ್ಲ, ನಾವೂ ಇರುವುದಿಲ್ಲ ಎನ್ನುತ್ತಾರೆ. ಹಲವು ತಲೆಗಳು ಹೌದೆಂದು ಅಲ್ಲಾಡುತ್ತವೆ. ಯಾರಾದರೂ ಮಾತಾಡುವುದಿದೆಯೇ ಎಂದು ಕೇಳುತ್ತಾರೆ.

ಬೆರಿಲ್ ಸಭೆಯಲ್ಲಿ ಮಾತಾಡಿದವರಲ್ಲ. ಈಗಲೂ ಮಾತಾಡುವುದಿಲ್ಲ. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ದೊಡ್ಡ ಕುಂಡವನ್ನು ಮೇಜಿನ ಮೇಲೆ ಮಗುಚಿ, ಅದರ ಬೆನ್ನಿಗೆ ಅಂಗೈಯಿಂದ ಗುದ್ದುತ್ತಾರೆ. ಬೇರಿನ ಮುದ್ದೆ ಹೊರಬರುತ್ತದೆ. ಅವರೇನು ಮಾಡಹೊರಟಿದ್ದಾರೆಂದು ತಿಳಿದವರ ಬಾಯಿಂದ "ಅಯ್ಯೋ" ಎಂಬ ಸದ್ದು ಹೊರಡುತ್ತದೆ. ಇಂಥ ಗಿಡ ಇಡಿಯಾಗಿದ್ದರೆ ಪ್ರದರ್ಶನದ ಕಪ್ ತರುತ್ತದೆ. ಬಿಡಿಸಿದರೆ ಮುನಿಸಿಕೊಂಡು ಒಂದೆರಡು ವರ್ಷ ಹೂವನ್ನೇ ಬಿಡುವುದಿಲ್ಲ. ಹಾಗೆ ಮತ್ತೆ ಬೆಳೆಯುವುದಕ್ಕೆ ಇನ್ನೊಂದು ಆಯುಷ್ಯವೇ ಬೇಕು.

"ಬೆರಿಲ್, ಬೇಡ!" ಎಂದು ರೋಜರ್ ಕೂಗುತ್ತಾರೆ.

ಬೆರಿಲ್ ಚಾಕು ಮುಟ್ಟುವುದಿಲ್ಲ. ಸಿಕ್ಕುಗಟ್ಟಿದ ತಲೆಗೂದಲು ಬಿಡಿಸುವ ಹಾಗೆ ಹೆಬ್ಬೆರಳು ತೂರಿಸಿ, ಬೇರಿನಿಂದ ಬೇರನ್ನು ಸಡಿಲಿಸುತ್ತಾರೆ. ಎಲ್ಲೋ ಒಂದು ಬೇರು ಪಟ್ಟೆಂದಾಗ ಅವರು ಹಲ್ಲು ಕಚ್ಚುತ್ತಾರೆ. ಮೂರು ಮರಿಗೊಂದು ಚೂರು, ಚೂರಿಗೊಂದು ಕುಂಡ, ಕುಂಡಕ್ಕೊಂದು ಹೆಸರಿನ ಚೀಟಿ. ಒಟ್ಟು ಹನ್ನೊಂದಾಗುತ್ತವೆ. ಎಲ್ಲವನ್ನೂ ಸ್ಲೇಟಿನ ಹಿಂದೆ ಸಾಲಾಗಿ ಇಟ್ಟು, ಕಣ್ಣೊರೆಸಲು ಕೈ ಮೇಲೆತ್ತಿ, ಕೈ ಮಣ್ಣಾಗಿದೆಯೆಂದು ಮೊಣಕೈಯಿಂದ ಒರೆಸಿಕೊಳ್ಳುತ್ತಾರೆ.

"ತಗೊಳ್ಳೋರು ತಗೊಳ್ಳಿ" ಎನ್ನುತ್ತಾರೆ. ಅಷ್ಟೇ ಅವರ ಭಾಷಣ.

ನದೀಮ್ ಮೊದಲಿಗ. ಅವನ ಹಿಂದೆ ಬೇಕರಿಯ ಹೆಂಗಸು, ಅವಳ ಹಿಂದೆ ಪಿಂಚಣಿಯ ಮುದುಕರು, ಹೀಗೆ ಸಾಲು ಬಾಗಿಲು ಮುಟ್ಟುತ್ತದೆ. ಸಾಲಿನಲ್ಲಿ ಕೊನೆಗೆ ನಿಂತವರಿಗೆ ಸಿಗುವುದಿಲ್ಲ. ಕಟ್ಟಳೆ ತೆಗೆಯಬೇಕೆನ್ನುವವರು ಕೈ ಎತ್ತಿ ಎಂದು ರೋಜರ್ ಕೇಳಿದಾಗ ಕೆಲವು ಕೈಗಳು ಏಳುತ್ತವೆ, ಅರ್ಧಕ್ಕೇ ನಿಲ್ಲುತ್ತವೆ. ಇರಬೇಕೆನ್ನುವವರು?

"ಕೈ ಖಾಲಿ ಇಲ್ಲ ಸಾರ್" ಎನ್ನುತ್ತಾನೆ ನದೀಮ್. "ಕುಂಡ ಎತ್ತಿದ್ರೆ ನಡೆಯುತ್ತಾ?"

ಕುಂಡಗಳು ಏಳುತ್ತವೆ, ಅವುಗಳ ಜೊತೆ ಖಾಲಿ ಕೈಗಳೂ. ರೋಜರ್ ಎಣಿಸಲು ಹೋಗುವುದಿಲ್ಲ. "ಈ ವರ್ಷಕ್ಕೆ ಇರ್ಲಿ. ಮುಂದಿನ ವರ್ಷ ಬಾಡಿಗೆ ಕೇಳೋಕೆ ಬಂದಾಗ ನೀವೇ ಉತ್ರ ಕೊಡಿ" ಎಂದು ಕೂರುತ್ತಾರೆ. ಆಮೇಲೆ ಮೇಜಿನ ಹತ್ತಿರ ಬಂದು, "ಕಪ್ ಬರ್ತಿತ್ತಲ್ಲ ಬೆರಿಲ್" ಎಂದು ಕೈ ಕೈ ಹಿಸುಕಿಕೊಳ್ಳುತ್ತಾರೆ.

"ಬಂದಿದ್ರೆ ಅದನ್ ಒರೆಸೋಳು ಯಾರು? ನಾನೇ ತಾನೆ?"

ಸಂಜೆ ಖಾಲಿ ಗಾಡಿ ತಳ್ಳಿಕೊಂಡು ಮನೆಗೆ ಬಂದ ಬೆರಿಲ್ ಅಡುಗೆಮನೆಯ ಕಿಟಕಿಯ ಮುಂದೆ ನಿಲ್ಲುತ್ತಾರೆ. ಹಲಗೆಯ ಮೇಲೆ ಕುಂಡದ ದುಂಡನೆಯ ಗುರುತು ಮಾತ್ರ ಇದೆ. ತಮಗೆಂದು ಒಂದು ಚೂರನ್ನೂ ಅವರು ಉಳಿಸಿಕೊಂಡಿಲ್ಲ. ಮೇಜಿನ ಮೇಲೆ ಇಟ್ಟದ್ದನ್ನು ಮೇಜಿನವಳು ವಾಪಸು ತೆಗೆಯಬಾರದು ಎನ್ನುವುದು ಅವರದೇ ಹಟ. ಮನೆ ಬಿಕೋ ಎನ್ನುತ್ತಿದೆ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಕೆಟಲ್ ಇಟ್ಟು, ಕುರ್ಚಿ ಎಳೆದು ಕೂತ ಮೇಲೆ ಮಾತು ತಾನಾಗಿ ಬರುತ್ತದೆ.

"ಮೊದಲ್ನೇ ಹೂ ಅರಳಿದ ದಿನ ಡೆರೆಕ್ ಮಹಡಿಗೆ ಹೋಗಿ ಮದುವೆ ಕೋಟು ಹಾಕ್ಕೊಂಡ್ ಬಂದ. ಯಾರದಪ್ಪಾ ಮದುವೆ ಅಂದೆ. ಇಷ್ಟು ದೊಡ್ಡೋರು ಮನೆಗ್ ಬಂದಿರೋವಾಗ ಬನಿಯನ್ನಲ್ಲಿ ನಿಲ್ಲೋಕಾಗುತ್ತಾ ಅಂದ." ಬೆರಿಲ್ ಬೆರಳ ಸಂದಿಯ ಮಣ್ಣು ನೋಡಿಕೊಳ್ಳುತ್ತಾರೆ. "ಇನ್ನೆರಡು ಮೂರು ವರ್ಷಕ್ಕೆ ಹನ್ನೊಂದು ಮನೇಲಿ ಅರಳುತ್ತೆ. ಇದ್ದಿದ್ರೆ ಪಾಪ, ಆ ಕೋಟು ಬಿಚ್ಚೋಕೇ ಪುರುಸೊತ್ತಿರ್ತಿರ್ಲಿಲ್ಲ ಅವನಿಗೆ."