ಕಾಂಟ್ರಿಷನ್ ಎಂದರೆ ಕಡೆಯುವುದು

ನನ್ನ ಮಗಳು ಮನೆಗೆ ಬಂದಳು! ಒಂಬತ್ತು ವರ್ಷದ ಮೊಮ್ಮಗಳನ್ನು ನಿನ್ನೆ ಮೊದಲ ಸಲ ಕಣ್ಣಾರೆ ಕಂಡೆ. ಮೂಗು ನನ್ನದೇ. ಎಷ್ಟು ಜನಕ್ಕೆ ಹೇಳಿದರೂ ಸಾಕಾಗುವುದಿಲ್ಲ. ನಾಲ್ಕನೇ ಕ್ಲಾಸು ಕಲಿತವಳು ನಾನು, ಆದರೂ ಬರೆದಿಡಲು ಕೂತಿದ್ದೇನೆ.

ಹತ್ತು ವರ್ಷದ ಹಿಂದೆ ಮಗಳು ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾಗಿ ಬಿಕರ್ನಕಟ್ಟೆಗೆ ಹೋದಳು. ನಾನು ಬಾಗಿಲು ಹಾಕಿಕೊಂಡೆ. ಐದು ವರ್ಷ ಕಳೆದು ನನ್ನ ಗಂಡ, ಬೋಟಿನಲ್ಲಿ ದುಡಿದು ದುಡಿದು ಎದೆ ಹಾಳಾದವರು, ಅತ್ತಾವರದ ಆಸ್ಪತ್ರೆ ಸೇರಿದರು. ಮೂರು ದಿನವೂ "ಮಗಳಿಗೆ ಹೇಳಿದಿಯಾ?" ಎಂದು ಕೇಳಿದರು. "ಹೇಳಿದೆ, ಬರ್ತಾಳೆ" ಎಂದೆ. ಹೇಳಿರಲಿಲ್ಲ. ಬಾಗಿಲ ಕಡೆ ನೋಡುತ್ತಲೇ ಅವರು ಹೋದರು. ಎಲ್ಲ ಮುಗಿದ ಮೇಲೆ ಅವಳು ಯಾರಿಂದಲೋ ತಿಳಿದು ಫೋನು ಮಾಡಿ ಅತ್ತಾಗ, "ನಿನ್ನ ನಂಬರ್ ಕಳೆದುಹೋಗಿತ್ತು" ಎಂದೆ. ನಂಬರ್ ಅಡಿಗೆಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಹಿಂದೆ, ಅವರದೇ ಅಕ್ಷರದಲ್ಲಿತ್ತು.

ಕಳೆದ ತಿಂಗಳು ನನಗೂ ಎದೆನೋವು ಬಂತು. ಹೆದರಿ ಮಗಳಿಗೆ ಫೋನು ಮಾಡಿ 'ಸಾರಿ' ಎಂದೆ. ಅದಕ್ಕೇ ನಿನ್ನೆ ಬಂದದ್ದು. ಆದರೆ ಮಗಳು ಜಗಲಿಯಲ್ಲೇ ಕೂತಳು. "ಊಟಕ್ಕೆ ನಿಲ್ಲುವುದಿಲ್ಲ" ಎಂದಳು. ಒಳಗೆ, ನಾನು ಕೂತಿದ್ದ ಅರೆಯುವ ಕಲ್ಲಿನ ಹತ್ತಿರ ಬಂದದ್ದು ಮೊಮ್ಮಗಳು ಮಾತ್ರ.

"ಎಂತ ಮಾಡ್ತಿದ್ದೀರಿ ಅಜ್ಜಿ?"

"ಬಂಗುಡೆ ಮೀನಿಗೆ ಮಸಾಲೆ ಕಡೀತಿದ್ದೇನೆ ಮಗಾ."

"ಓ, ಕಾಂಟ್ರಿಷನ್!"

"ಅದೆಂತದು ಮಾರಾಯ್ತಿ?"

ಭಾನುವಾರದ ಧರ್ಮಪಾಠದಲ್ಲಿ ಹೇಳಿಕೊಟ್ಟದ್ದಂತೆ. ತಪ್ಪು ಮಾಡಿ ಮರುಗುವುದಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಅದರ ಮೂಲ ಅರ್ಥ ಅರೆದು ಪುಡಿ ಮಾಡುವುದು, ನಮ್ಮ ಮಾತಿನಲ್ಲಿ ಕಡೆಯುವುದು. ಅಂದರೆ ಮನಸ್ಸನ್ನೇ ಕಲ್ಲಿಗೆ ಹಾಕುವುದು.

"ತರಿಯಾ, ನೈಸಾ?" ತಮಾಷೆಗೆ ಕೇಳಿದೆ.

"ನೈಸ್ ಅಜ್ಜಿ. ತರಿಗೆ ಬೇರೆ ಹೆಸರು ಉಂಟು, ಅಟ್ರಿಷನ್. ಶಿಕ್ಷೆಗೆ ಹೆದರಿ ಸಾರಿ ಹೇಳ್ತಾರಲ್ಲ, ಅದು. ಪ್ರೀತಿ ಇದ್ದು ಬೇಸರ ಆದ್ರೆ ಮಾತ್ರ ಕಾಂಟ್ರಿಷನ್."

ಕಲ್ಲಿನ ಮೇಲೆ ನನ್ನ ಕೈ ನಿಂತಿತು. ಫೋನಿನಲ್ಲಿ ನಾನು ಹೇಳಿದ್ದು ತರಿ. ಒಬ್ಬಳೇ ಸಾಯುವ ಹೆದರಿಕೆ, ಅಷ್ಟೆ.

ಮಗಳನ್ನು ಒಳಗೆ ಕರೆದೆ. ಕ್ಯಾಲೆಂಡರ್ ಎತ್ತಿ ತೋರಿಸಿದೆ.

"ನಂಬರ್ ಕಳೆದಿರಲಿಲ್ಲ. ನಾನೇ ಫೋನ್ ಮಾಡ್ಲಿಲ್ಲ."

"ಅಪ್ಪ ನನ್ನನ್ನು ಕೇಳಿದ್ರಾ?"

"ಮೂರು ದಿನವೂ."

ಅವಳು ಅಪ್ಪನ ಅಕ್ಷರದ ಮೇಲೆ ಬೆರಳಿಟ್ಟು ಗೋಡೆಗೆ ಮುಖ ಮಾಡಿ ಅತ್ತಳು. ಮುಟ್ಟೋಣವೆಂದರೆ ನನ್ನ ಕೈಯೆಲ್ಲ ಮೆಣಸು. ಎಷ್ಟೋ ಹೊತ್ತಿನ ಮೇಲೆ ತಿರುಗದೆಯೇ ಕೇಳಿದಳು, "ಮೀನು ಎಲ್ಲುಂಟು? ತೊಳೀತೇನೆ."

ಸಂಜೆ ಅಳಿಯ ಪಂಪ್‌ವೆಲ್‌ನ ಅಂಗಡಿಯಿಂದ ಬಂದ. ನಾಲ್ವರೂ ನೆಲದ ಮೇಲೆ ಕೂತೆವು. ಮೊದಲ ತುತ್ತಿಗೇ ಮಗಳು ನನ್ನನ್ನು ನೋಡಿ, "ಇನ್ನೂ ತರಿ ಉಂಟಮ್ಮ" ಎಂದಳು.

ಹೇಳಿ, ಬಟ್ಟಲು ಮುಂದೆ ಚಾಚಿದಳು. ನಾನು ಇನ್ನೊಂದು ಬಂಗುಡೆ ಬಡಿಸಿದೆ.