ಧೂಳು ಒರೆಸುವ ಚಿಕ್ಕಪ್ಪ
ನಮ್ಮ ಚಿಕ್ಕಪ್ಪನಿಗೆ ಧೂಳು ಕಂಡರೆ ಆಗುವುದಿಲ್ಲ. ಮದುವೆ ಕಾರ್ಡು ಟೈಪು ಮಾಡಿಕೊಡುವ ಅವರ ಕಂಪ್ಯೂಟರಿನಿಂದಲೇ ಮನೆ ನಡೆಯುವುದು. ಹಾಗಾಗಿ ಭಾನುವಾರ ಬಂತೆಂದರೆ ಅದರ ಹೊಟ್ಟೆ ಬಿಚ್ಚಿ, ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಕೂಸಿನ ಬೆರಳು ಒರೆಸುವಂತೆ ಒರೆಸುತ್ತಾರೆ. ಒರೆಸಿದ ಮೇಲೆ ಅದು ಆನ್ ಆಗುವುದಿಲ್ಲ. ಪ್ಲಗ್ಗು ಬದಲಿಸುತ್ತಾರೆ, ವೈರುಗಳನ್ನು ಅದುಮುತ್ತಾರೆ, ರ್‍ಯಾಮ್ ಕಿತ್ತು ಮತ್ತೆ ಕೂರಿಸುತ್ತಾರೆ, ಗುಂಡಿ ಒತ್ತಿ ಉಸಿರು ಬಿಗಿಹಿಡಿಯುತ್ತಾರೆ. “ಪೆಟ್ಟಿಗೆ ಹಿಂದಿನ ಸ್ವಿಚ್ಚು ನೀವೇ ಆರಿಸಿದ್ದು, ನೋಡ್ರೀ!” ಎಂದು ಚಿಕ್ಕಮ್ಮ ಅಡುಗೆಮನೆಯಿಂದ ಕೂಗುತ್ತಾರೆ. ಚಿಕ್ಕಪ್ಪ ತಲೆಯೆತ್ತುವುದಿಲ್ಲ. “ನಾನು ಹೇಳಿದ್ದಕ್ಕೇ ಮಾಡಲ್ಲ ಕಣೇ, ಅಷ್ಟು ಹಟ!” ಎಂದು ಚಿಕ್ಕಮ್ಮ ನನಗೆ ದೂರು ಹೇಳುತ್ತಾರೆ, ನಾನು ನಗುತ್ತೇನೆ. ಈ ಭಾನುವಾರ ಮಾತ್ರ ಸಂಜೆಯೊಳಗೆ ಒಂದು ಕಾರ್ಡು ಕೊಡಲೇಬೇಕಿತ್ತು. ಅವರು ಮತ್ತೆ ರ್‍ಯಾಮ್ ಕೀಳಹೊರಟಾಗ ನಾನೇ ಹಿಂದಿನ ಸ್ವಿಚ್ಚು ಹಾಕಿದೆ. ಅವರು ಗುಂಡಿ ಒತ್ತಿದರು. ಪಕ್ಕದ ಕೋಣೆಗೂ ಕೇಳುವಂತೆ ಫ್ಯಾನು ಮೊರೆಯಿತು. ಚಿಕ್ಕಪ್ಪ ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು ಗಾಳಿ ಹುಡುಕಿದರು. “ತಿರುಗ್ತಾ ಇದೆಯೇನಮ್ಮಾ?” ಎಂದು ಮೆಲ್ಲಗೆ ಕೇಳಿ, ಅಡುಗೆಮನೆಯ ಕಡೆ ಅಳುಕುತ್ತಾ ನೋಡಿದರು. ಇಷ್ಟು ದಿನದ್ದು ಹಟವಲ್ಲವೆಂದು ನನಗೆ ಆಗ ತಿಳಿಯಿತು. ಅವರ ಕಣ್ಣೆದುರು ಬಂದು ಕೂತು, ತಲೆಯಾಡಿಸಿದೆ.