ತೋಳು ಹಚ್ಚಿದ ಹೆಣದ ಬಟ್ಟೆ

ನಮ್ಮಮ್ಮ ಎಫೀಗೆ ಮದುವೆಯಾಗುವ ಮೊದಲೇ ಅವಳ ಹೆಣದ ಬಟ್ಟೆ ಸಿದ್ಧವಾಗಿತ್ತು. ಬೆಚ್ಚಬೇಡಿ, ಸ್ಕಾಟ್‌ಲೆಂಡಿನ ಫೈಫ್ ಸೀಮೆಯಲ್ಲಿ ನಮ್ಮ ನೇಕಾರರ ಪೈಕಿ ಇದೇ ಪದ್ಧತಿ. ಮದುವೆ ಗೊತ್ತಾದ ಹುಡುಗಿ ಹಾಸಿಗೆಗೆ, ದಿಂಬಿಗೆ, ಮೇಜಿಗೆ ಬೇಕಾದ ಬಟ್ಟೆಗೆಲ್ಲ ತಾನೇ ಅಗಸೆ ನಾರು ನೂತು ಪೆಟ್ಟಿಗೆ ತುಂಬಿಕೊಳ್ಳಬೇಕು. ಆ ಪೆಟ್ಟಿಗೆಯ ತಳದಲ್ಲಿ, ತನ್ನನ್ನು ಮಣ್ಣಿಗಿಡುವಾಗ ಸುತ್ತುವ ದುಪ್ಪಟಿಯೂ ಇರಬೇಕು. ಮೊದಲ ಹೆರಿಗೆಯಲ್ಲೇ ಕಣ್ಣು ಮುಚ್ಚುವವರು ಬೇಕಾದಷ್ಟಿದ್ದ ಕಾಲ. ಗಂಡನ ಮನೆಯವರ ಬಟ್ಟೆಯಲ್ಲಿ ಹೋದಳು ಎಂಬ ಮಾತು ಬರಬಾರದಲ್ಲ!

ವರ್ಷಕ್ಕೊಮ್ಮೆ, ಹಿಮ ಕರಗಿ ಒಳ್ಳೆಯ ಬಿಸಿಲು ಬಿದ್ದ ಕೂಡಲೇ, ಹೆಂಗಸರು ಆ ದುಪ್ಪಟಿಗಳನ್ನು ತಂದು ಬೇಲಿಯ ಮೇಲೆ ಹರವುತ್ತಿದ್ದರು. ಯಾರದು ಹೆಚ್ಚು ಬೆಳ್ಳಗಿದೆ, ಯಾರ ನೂಲು ಸಣ್ಣ ಎಂದು ಮುಟ್ಟಿ ನೋಡಿ ಪೈಪೋಟಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಮಾತು ನಮ್ಮವರನ್ನು ನೋಡಿಯೇ ಹುಟ್ಟಿರಬೇಕು.

ಇದರ ಹಿಂದೆ ಒಂದು ನಂಬಿಕೆಯೂ ಇತ್ತು. ಲೋಕದ ಕೊನೆಯ ದಿನ ತುತ್ತೂರಿ ಊದಿದಾಗ ಸತ್ತವರೆಲ್ಲ ಸಮಾಧಿಯಿಂದ ಏಳುತ್ತಾರಷ್ಟೆ. ಮೈ ಮಣ್ಣಾಗಿ ಹೋಗಿರುತ್ತದೆ, ಮುಖ ಯಾರಿಗೆ ನೆನಪು? ಸುತ್ತಿದ ಬಟ್ಟೆಯ ನೂಲಿನಿಂದ ತಮ್ಮವರು ಗುರುತು ಹಿಡಿಯುತ್ತಾರಂತೆ. ಹಾಗಂತ ಯಾವ ಪವಿತ್ರ ಗ್ರಂಥದಲ್ಲೂ ಬರೆದಿಲ್ಲ. ಪಾದ್ರಿಗಳು ಇದನ್ನು ಕೇಳಿದರೆ ಕೆಂಡ ಕಾರುತ್ತಿದ್ದರು. ಆದರೆ ನೂಲುವವರು ಪಾದ್ರಿಗಳಲ್ಲ, ಹೆಂಗಸರು. ಅಮ್ಮ ಇದನ್ನು ತಾಯಿಹಾಲಿನ ಜೊತೆ ಕುಡಿದಿದ್ದಳು.

ಅಪ್ಪ ಗ್ಯಾವಿನ್ ಲಮ್ಸ್‌ಡನ್ ಕೈಮಗ್ಗದ ನೇಕಾರ. ಉಗಿಮಗ್ಗಗಳು ಬಂದು ಅವನ ಅನ್ನ ಕಿತ್ತುಕೊಂಡವು. ಅಮೆರಿಕದ ಇಲಿನಾಯ್ ಬಯಲಿನಲ್ಲಿ ನೆಲ ಸಿಗುತ್ತದೆ ಎಂದು ಯಾರೋ ಹೇಳಿದರು. ಮಗ್ಗ ಮಾರಿ, ಹೆಂಡತಿಯನ್ನೂ ಎರಡು ಮಕ್ಕಳನ್ನೂ ಮದುವೆಯಾಗದ ಅಕ್ಕ ಬೆತಿಯಾಳನ್ನೂ ಕಟ್ಟಿಕೊಂಡು ಹಡಗು ಹತ್ತಿದ. ನಾನಿನ್ನೂ ಹುಟ್ಟಿರಲಿಲ್ಲ. ಹಡಗಿನ ಕಥೆಯೆಲ್ಲ ನನಗೆ ಗೊತ್ತಾದದ್ದು ಬೆತಿಯಾ ಅತ್ತೆಯ ಬಾಯಿಂದ. ಅಮ್ಮ ಹೇಳಿಕೊಳ್ಳುವವಳಲ್ಲ. ಅತ್ತೆಯಾದರೋ ಅಮ್ಮನ ತಪ್ಪು ಹೇಳುವಾಗ ಮಾತ್ರ ಬಾಯಿ ತುಂಬ ಹೇಳುತ್ತಿದ್ದಳು.

ನಡುಸಮುದ್ರದಲ್ಲಿ ಕಿರಿಯವನು, ನಿನಿಯನ್, ವಾಂತಿಭೇದಿಯಿಂದ ತೀರಿಕೊಂಡ. ನಾವಿಕನೊಬ್ಬ ಹರಕು ಹಾಯಿಬಟ್ಟೆಯನ್ನೂ ಕಾಲಿಗೆ ಕಟ್ಟಲು ಕಲ್ಲನ್ನೂ ತಂದ. ಅಮ್ಮ ಮಗುವನ್ನು ಕೊಡಲಿಲ್ಲ. ಪೆಟ್ಟಿಗೆ ತೆಗೆದು, ತಳಕ್ಕೆ ಕೈ ಹಾಕಿ ದುಪ್ಪಟಿ ಎಳೆದಳು, ಕತ್ತರಿ ಹಿಡಿದಳು.

"ಏನೇ ಎಫೀ, ತಲೆ ಕೆಟ್ಟಿದೆಯೇನೇ?" ಅತ್ತೆ ಕೈ ಹಿಡಿದುಕೊಂಡಳಂತೆ. "ಹೆಣದ ಬಟ್ಟೆಗೆ ಒಂದ್ಸಲ ಕತ್ತರಿ ಬಿದ್ರೆ ಮನೇಲಿ ಸಾವು ನಿಲ್ಲೋಲ್ಲ ಕಣೇ. ನಿಮ್ಮಮ್ಮ ಇಷ್ಟೂ ಹೇಳಿಕೊಡಲಿಲ್ವಾ?"

"ಕೈ ಬಿಡಿ ಅತ್ತಿಗೆ. ಇಷ್ಟು ದೊಡ್ಡ ಸಮುದ್ರದಲ್ಲಿ ಆ ಹರಕು ಹಾಯಿ ಸುತ್ತಿ ಬಿಟ್ರೆ, ಆ ದಿನ ಇವನನ್ನ ನಾನು ಹೆಂಗೆ ಹುಡುಕಲಿ?"

ಒಂದು ಮೂಲೆ ಕತ್ತರಿಸಿ ಸುತ್ತಿದಳು. ಕಲ್ಲನ್ನು ಅಪ್ಪ ಕಟ್ಟಿದ.

ಇಲಿನಾಯ್‌ನಲ್ಲಿ ನೆಲವೇನೋ ಸಿಕ್ಕಿತು. ನಮ್ಮ ಕಡೆಯ ಏಳೆಂಟು ಮನೆಗಳೂ ಇದ್ದವು. ಆದರೆ ಹುಲ್ಲಿನ ಬೇರು ನೇಗಿಲನ್ನೇ ಮುರಿಯುತ್ತಿತ್ತು. ಓಟ್ ಹಿಟ್ಟಿನ ಗಂಜಿ ತಿಂದು ಬೆಳೆದವರು ಮುಸುಕಿನ ಜೋಳದ ಗಂಜಿ ಕುಡಿದು ಹೊಟ್ಟೆ ಹಿಡಿದುಕೊಂಡರು. ಬೇಸಿಗೆ ಬಂತೆಂದರೆ ಜೌಗು ನೆಲದಿಂದ ಚಳಿಜ್ವರ. ಎರಡನೆಯ ಬೇಸಿಗೆಯಲ್ಲಿ ನನ್ನ ಅಕ್ಕ ಎಲ್ಸ್‌ಪೆತ್ ಹೋದಳು. ಅವಳಿಗೆ ಸುತ್ತುವಾಗ ಅಮ್ಮ ತುಸು ಹೆಚ್ಚೇ ಕತ್ತರಿಸಿದಳಂತೆ, ಎತ್ತರದ ಹುಡುಗಿ.

"ನಾನು ಹೇಳಲಿಲ್ವಾ?" ಎಂದಳು ಅತ್ತೆ. ನಾಲಿಗೆಗೆ ಎಲುಬಿಲ್ಲ ನೋಡಿ. ಮಗು ಕಳೆದುಕೊಂಡವಳ ಮುಂದೆ ಆ ಮಾತು ಆಡಲು ಅವಳಿಗೆ ಹೇಗಾದರೂ ಮನಸ್ಸು ಬಂತೋ.

ಅದೇ ವರ್ಷ ಸುಗ್ಗಿ ಮುಗಿದ ಮೇಲೆ ಅಪ್ಪ ಬಾವಿ ತೋಡಲು ಇಳಿದ. ನೇಕಾರನಿಗೆ ಬಾವಿ ತೋಡುವುದು ಗೊತ್ತೇ? ಗೋಡೆಗೆ ಹಲಗೆ ಕೊಡದೆ ಇಳಿದಿದ್ದ. ಮಣ್ಣು ಕುಸಿಯಿತು. ಊರವರು ಅವನನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮದುವೆಯಲ್ಲಿ ಅಮ್ಮ ಅವನಿಗೂ ಒಂದು ಅಂಗಿ ಹೊಲಿದುಕೊಟ್ಟಿದ್ದಳು. ಮದುವೆಯ ದಿನ ಒಮ್ಮೆ ತೊಟ್ಟು, ಮತ್ತೆ ಹೆಣವಾದಾಗಲೇ ತೊಡಬೇಕಾದ ಅಂಗಿ ಅದು. ಬೇರೆ ಅಂಗಿಯಿಲ್ಲದೆ ಅಪ್ಪ ಅದನ್ನೇ ತೊಟ್ಟು ಉಳುಮೆ ಮಾಡಿ ಚಿಂದಿ ಮಾಡಿಕೊಂಡಿದ್ದ.

"ನನ್ನ ತಮ್ಮನ್ನ ಬರೀಮೈಲಿ ಕಳಿಸ್ತೀಯೇನೇ?" ಎಂದು ಅತ್ತೆ ಈ ಸಲ ಉಲ್ಟಾ ಹೊಡೆದಳು. ಬೇಡವೆನ್ನುವವಳೂ ಅವಳೇ, ಕೊಡು ಎನ್ನುವವಳೂ ಅವಳೇ. ಅಮ್ಮ ಕತ್ತರಿ ತೆಗೆದುಕೊಂಡಳು. ಅಪ್ಪ ಆಜಾನುಬಾಹು. ಅವನನ್ನು ಸುತ್ತಿದ ಮೇಲೆ ಪೆಟ್ಟಿಗೆಯ ತಳದಲ್ಲಿ ಉಳಿದದ್ದು ಮೊಳಗಲದ ಒಂದು ತುಂಡು. ಆಗ ನಾನು ಹೊಟ್ಟೆಯಲ್ಲಿದ್ದೆ.

ಆ ಚಳಿಗಾಲದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದೆ. ಹೊರಗೆ ಹಿಮ ಬಾಗಿಲಿಗೆ ಒತ್ತಿಕೊಂಡು ಬಿದ್ದಿತ್ತು, ಸೂಲಗಿತ್ತಿ ಬರುವಂತಿರಲಿಲ್ಲ. ಬೆತಿಯಾ ಅತ್ತೆಯೇ ನನ್ನನ್ನು ಎತ್ತಿಕೊಂಡವಳು. ಇಲಿಮರಿಯಷ್ಟಿದ್ದೆನಂತೆ, ನೀಲಿಗಟ್ಟಿದ್ದೆನಂತೆ. ಹಿಂದಿನ ಮಕ್ಕಳ ಬಟ್ಟೆ, ಪೆಟ್ಟಿಗೆಯಲ್ಲಿದ್ದ ಹಾಸು ಹೊದಿಕೆ ಎಲ್ಲ ಜೋಳದ ಹಿಟ್ಟಿಗೆ ಕೈ ಬದಲಾಗಿ ಹೋಗಿತ್ತು. ಮನೆಯಲ್ಲಿದ್ದದ್ದು ಗೋಣಿತಟ್ಟು ಮತ್ತು ಒರಟು ಉಣ್ಣೆ, ಎರಡೂ ನನ್ನ ತೊಗಲನ್ನೇ ಸುಲಿಯುವಂಥವು.

ಅತ್ತೆ ನನ್ನನ್ನು ಒಮ್ಮೆ ನೋಡಿ, ಪೆಟ್ಟಿಗೆಯ ಹತ್ತಿರ ಹೋಗಿ ಆ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ತಟ್ಟೆಗೆ ಉಪ್ಪು ಹಾಕಿಟ್ಟಳು. ಹೆಣದ ಎದೆಯ ಮೇಲೆ ಉಪ್ಪಿನ ತಟ್ಟೆ ಇಡುವುದು ನಮ್ಮಲ್ಲಿ ವಾಡಿಕೆ.

"ಇದು ಸಂಜೆ ತನಕ ಇರೋಲ್ಲ ಎಫೀ. ಮನಸ್ಸು ಗಟ್ಟಿ ಮಾಡ್ಕೋ. ಈ ತುಂಡು ಇದಕ್ಕೆ ಸರಿಹೋಗತ್ತೆ."

ಅಮ್ಮ ಕೇಳಿದ್ದು ಒಂದೇ. "ಸೂಜಿ ಕೊಡಿ ಅತ್ತಿಗೆ."

"ಸುತ್ತೋಕೆ ಸೂಜಿ ಯಾಕೆ?"

"ಕೊಡಿ ಅಂದೆ."

ಬೆವರು ಆರದ ಬಾಣಂತಿ ಒಲೆಯ ಪಕ್ಕ ಕೂತು ಆ ತುಂಡನ್ನು ಕತ್ತರಿಸಿದಳು. ಅತ್ತೆ ನೋಡುತ್ತ ನಿಂತಿದ್ದಳು. ಹೆಣ ಸುತ್ತುವ ಬಟ್ಟೆಗೆ ತೋಳಿರುವುದಿಲ್ಲ. ಅಮ್ಮ ಎರಡು ತೋಳು ಕತ್ತರಿಸಿದಳು, ಹೆಬ್ಬೆಟ್ಟಿನಷ್ಟು ಉದ್ದದವು. ಅವನ್ನು ಹಚ್ಚತೊಡಗಿದಾಗ ಅತ್ತೆಗೆ ಅರ್ಥವಾಯಿತು.

"ಅಯ್ಯೋ ಪಾಪಿ! ಬದುಕಿರೋ ಕೂಸಿಗೆ ಹೆಣದ ಬಟ್ಟೆ ತೊಡಿಸ್ತೀಯಾ? ಸಾವನ್ನ ನೀನೇ ಕರೆದು ಮಣೆ ಹಾಕ್ತಿದೀಯಲ್ಲೇ!"

"ಸತ್ತೋರಿಗೆ ಕೊಟ್ಟಿದ್ದು ಸಾಕು," ಎಂದಳಂತೆ ಅಮ್ಮ. "ಇದು ಇವಳದು. ಆ ಉಪ್ಪು ಗಂಜಿಗೆ ಹಾಕಿ."

ನಾನು ಬದುಕಿದೆ. ಗ್ರೀಜಲ್ ಎಂದು ಹೆಸರಿಟ್ಟರು. ಅತ್ತೆ ಮಾತ್ರ ಬಹಳ ವರ್ಷ ನನ್ನನ್ನು ಕರೆದದ್ದು "ಏ ಹೆಣದಂಗಿ" ಎಂದೇ. "ಏ ಹೆಣದಂಗಿ, ಕೋಳಿ ಮುಚ್ಚಿದೆಯಾ?" ನನಗೆ ಅದು ಬೈಗುಳ ಎಂದು ತಿಳಿಯಲು ಎಷ್ಟೋ ಕಾಲ ಹಿಡಿಯಿತು.

ಹೀಗೆ ಅಮ್ಮನಿಗೆ ಬಟ್ಟೆಯಿಲ್ಲದಾಯಿತು. ಬೇಲಿಯ ಮೇಲೆ ದುಪ್ಪಟಿ ಹರವುವ ದಿನ ಬಂದರೆ ಅವಳು ಮನೆಯೊಳಗೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಜೋನೆಟ್ ಬಾಗಿಲಲ್ಲಿ ನಿಂತು, "ಏನಮ್ಮ ಎಫೀ, ನಿಂದು ಬಿಸಿಲಿಗೆ ಹಾಕಲ್ವಾ?" ಎಂದು ಬೇಕಂತಲೇ ಕೇಳುತ್ತಿದ್ದಳು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಅಮ್ಮನಿಗೆ ಜಂಬದ ಚಿಂತೆಯಿರಲಿಲ್ಲ. ಗಂಡ, ಇಬ್ಬರು ಮಕ್ಕಳು, ಮೂವರೂ ತನ್ನ ಒಂದೇ ನೂಲಿನ ತುಂಡುಗಳಲ್ಲಿ ಮಲಗಿದ್ದಾರೆ. ತಾನು ಬೇರೆ ಬಟ್ಟೆಯಲ್ಲಿ ಎದ್ದರೆ ಅವರು ಗುರುತಿಸದೆ ಹೋದಾರು, ಅದೊಂದೇ ಅವಳ ಹೆದರಿಕೆ. ತನ್ನ ಕೈಯ ನೂಲಿನ ದುಪ್ಪಟಿ ಇನ್ನೊಂದು ಬೇಕು, ಅದರಲ್ಲೇ ಮಣ್ಣಿಗೆ ಹೋಗಬೇಕು. ಬೇರೆ ಯಾವ ಆಸೆಯನ್ನೂ ನಾನು ಅವಳಲ್ಲಿ ಕಾಣಲಿಲ್ಲ.

ಮನೆಯ ಹಿಂದೆ ಅಗಸೆ ಬಿತ್ತಿದಳು. ಅಂಗಡಿಯಲ್ಲಿ ಹತ್ತಿಬಟ್ಟೆ ಅಗ್ಗಕ್ಕೆ ಸಿಗುವಾಗ ಇವಳಿಗೇನು ಹುಚ್ಚು ಎಂದು ಜನ ನಕ್ಕರು. ಒಂದು ವರ್ಷ ಮಿಡತೆ ತಿಂದವು, ಇನ್ನೊಂದು ವರ್ಷ ನೀರು ನಿಂತು ಕೊಳೆಯಿತು. ಹೊಲದ ದುಡಿತವೆಲ್ಲ ಮುಗಿಸಿ ಕೈಗೆ ಸಿಕ್ಕಷ್ಟು ನಾರನ್ನು ನೂಲುತ್ತಿದ್ದಳು. ಹೇಗೆಂದರೆ ಹಾಗೆ ನೂತರೆ ಬೆತಿಯಾ ಅತ್ತೆ ಬಿಡುತ್ತಿರಲಿಲ್ಲ. ಪಕ್ಕದಲ್ಲೇ ಕೂತು "ಎಳೆ ದಪ್ಪ ಬಂತು, ಬಿಚ್ಚು" ಎಂದು ಕಾಡುತ್ತಿದ್ದಳು. ಕೊನೆಗೂ ಒಬ್ಬ ಮುದಿ ನೇಕಾರನ ಕೈಲಿ ದುಪ್ಪಟಿ ನೇಯಿಸುವಷ್ಟು ನೂಲು ಕೂಡಿದಾಗ ನನಗೆ ಮದುವೆಯ ವಯಸ್ಸು.

ಅದನ್ನು ಬೇಲಿಯ ಮೇಲೆ ಹರವಿದ ದಿನ ಜೋನೆಟ್ ಮುಟ್ಟಿ ನೋಡಿ ಬಾಯಿ ಮುಚ್ಚಿಕೊಂಡಳು. ಅಮ್ಮ ಕೈ ಕಟ್ಟಿಕೊಂಡು ಬಿಸಿಲಲ್ಲಿ ಸುಮ್ಮನೆ ನಿಂತಿದ್ದಳು. ಕೆಲಸವಿಲ್ಲದೆ ಅವಳು ನಿಂತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮುಂದಿನ ಚಳಿಗಾಲಕ್ಕೆ ಅತ್ತೆ ಹಾಸಿಗೆ ಹಿಡಿದಳು. ನೀರು ತುಂಬಿ ಕಾಲು ಊದಿತ್ತು, ಉಸಿರು ಎಳೆಯುತ್ತಿದ್ದಳು. ಬಾಯಿ ಮಾತ್ರ ನೆಟ್ಟಗಿತ್ತು.

"ನನ್ನನ್ನ ಯಾತರಲ್ಲಿ ಸುತ್ತುತೀರೇ? ಗೋಣಿಚೀಲ ತೊಳೆದಿಟ್ಟಿದೀರೋ ಇಲ್ವೋ? ಅದರ ಮೇಲಿನ ಆಲೂಗಡ್ಡೆ ಮಣ್ಣಾದ್ರೂ ಕೊಡವಿ."

ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಆಗ ನನಗೂ ಹೊಳೆಯಿತು. ಹೆಣದ ಬಟ್ಟೆ ನೂಲುವುದು ಮದುವೆ ಗೊತ್ತಾದವಳು. ಅತ್ತೆಯನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಎಂದೂ ಮದುಮಗಳಾಗದವಳ ಪೆಟ್ಟಿಗೆಯಲ್ಲಿ ಅದು ಎಲ್ಲಿಂದ ಬರಬೇಕು? ಜೀವಮಾನವಿಡೀ ಅವಳು ಅಮ್ಮನ ಬಟ್ಟೆಯನ್ನು ಕಾದಳು, ಅದಕ್ಕೆ ಬಿದ್ದ ಒಂದೊಂದು ಕತ್ತರಿಗೂ ಕೂಗಾಡಿದಳು.

"ಗ್ರೀಜಲ್, ಪೆಟ್ಟಿಗೆ ತೆಗಿ," ಎಂದಳು ಅಮ್ಮ.

"ಅಮ್ಮಾ, ಬೇಡ. ಅದು ನಿಂದು. ಇಷ್ಟು ವರ್ಷ ಸತ್ತು ಸುಣ್ಣ ಆಗಿ ಮಾಡ್ಕೊಂಡಿದೀಯ. ಈಯಮ್ಮ ಒಂದು ದಿನ ನಿಂಗೆ ಒಳ್ಳೇ ಮಾತಾಡಿದ್ದಾಳಾ?"

"ಅವಳಿಗೆ ಗುರುತು ಹೇಳೋಕೆ ಯಾರೂ ಇಲ್ವಲ್ಲೇ. ಗಂಡನಾ, ಮಕ್ಕಳಾ? ನಮ್ಮ ನೂಲಲ್ಲಿ ಎದ್ರೆ ನಮ್ಮ ಪೈಕಿ ನಿಂತ್ಕೊಳ್ತಾಳೆ. ತೆಗಿ. ನನಗೆ ಇನ್ನೊಂದು ನೂತ್ಕೊಂಡ್ರಾಯ್ತು."

ಜೀವ ಇರುವಾಗಲೇ ದುಪ್ಪಟಿಯನ್ನು ಅತ್ತೆಗೆ ಹೊದಿಸಿದಳು, ಕತ್ತರಿ ತಾಕಿಸದೆ, ಇಡಿಯಾಗಿ. ಅತ್ತೆ ಅಂಚನ್ನು ಬೆರಳಲ್ಲಿ ಹಿಡಿದು ತಡವಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಇಲ್ಲೊಂದು ಕಡೆ ಗಂಟು ಬಿದ್ದಿದೆ ಕಣೇ ಎಫೀ."

"ಗೊತ್ತು ಅತ್ತಿಗೆ."

"ಹೋಗ್ಲಿ, ಪರವಾಗಿಲ್ಲ."

ಎರಡು ದಿನದ ಮೇಲೆ ಅತ್ತೆ ಹೋದಳು. ಅವಳನ್ನು ಅಪ್ಪನ ಪಕ್ಕ ಮಲಗಿಸಿದೆವು.

ಅಮ್ಮ ಮತ್ತೆ ಅಗಸೆ ಬಿತ್ತಿದಳು. ಆದರೆ ಅಷ್ಟರಲ್ಲಿ ಬೆರಳುಗಳು ಸೊಟ್ಟಗಾಗಿದ್ದವು, ಗಿಣ್ಣುಗಳು ಊದಿ ಎಳೆ ನಿಲ್ಲುತ್ತಿರಲಿಲ್ಲ. ನಾನು ನೂತುಕೊಡುತ್ತೇನೆ ಎಂದರೆ "ನಿನ್ನ ನೂಲು ಅವರಿಗೆ ಹೆಂಗೆ ಗೊತ್ತಾಗಬೇಕು?" ಎಂದು ಕಡ್ಡಿ ಮುರಿದಂತೆ ಹೇಳಿದಳು. ಒಂದು ದಿನ ರಾಟೆಯನ್ನು ತಾನೇ ಮೂಲೆಗೆ ತಳ್ಳಿದಳು. ಆಮೇಲೆ ಆ ಮಾತೆತ್ತಲಿಲ್ಲ. ದೇವರ ಮೇಲೆ ನನಗೆ ಕೋಪವಿದ್ದರೆ ಆ ದಿನದ್ದು.

ಅವಳ ಕೊನೆಗಾಲದಲ್ಲಿ ನನ್ನ ಆ ಪುಟ್ಟ ಅಂಗಿಯನ್ನು ತಂದು ತೋರಿಸಿದೆ. ನನ್ನ ಮೂವರು ಮಕ್ಕಳೂ ಹುಟ್ಟಿದಾಗ ಮೊದಲು ತೊಟ್ಟದ್ದು ಅದನ್ನೇ.

"ಅಮ್ಮಾ, ಇದನ್ನ ನಿನ್ನ ಎದೆ ಮೇಲೆ ಇಡ್ತೀನಿ. ನಿನ್ನದೇ ನೂಲು. ಅವರಿಗೆ ಗುರುತು ಸಿಗತ್ತೆ."

ಅವಳು ಆ ಸೊಟ್ಟ ಬೆರಳುಗಳಿಂದ ತೋಳಿನ ಹೊಲಿಗೆಯನ್ನು ಮುಟ್ಟಿದಳು. ನನ್ನ ಕೈಗೇ ವಾಪಸು ತುರುಕಿದಳು.

"ಬೇಡ. ಆ ದುಪ್ಪಟೀಲಿ ಮಣ್ಣಿಗೆ ಹೋಗದೆ ಉಳಿದಿದ್ದು ಇದೊಂದೇ ತುಂಡು. ಇದನ್ನ ಮಣ್ಣಿಗೆ ಹಾಕ್ಬೇಡ ಮಗಾ." ಆಮೇಲೆ ಸಣ್ಣ ಮಗುವಿನ ದನಿಯಲ್ಲಿ ಕೇಳಿದಳು. "ಅವರು ನನ್ನ ಗುರುತು ಹಿಡೀತಾರಾ? ಇವಳ್ಯಾರು ಅಂದ್ಬಿಟ್ರೆ?"

 ಅವಳ ಕಾಲು ಒತ್ತುತ್ತ ಕೂತೆ.

ಅಂಗಡಿಯ ಹತ್ತಿಬಟ್ಟೆಯಲ್ಲಿ ಅಮ್ಮನನ್ನು ಸುತ್ತಿದೆವು. ನಮ್ಮ ಊರಿನ ಆ ತಲೆಮಾರಿನ ಹೆಂಗಸರಲ್ಲಿ ಹಾಗೆ ಹೋದವಳು ಅವಳೊಬ್ಬಳೇ. "ಅಯ್ಯೋ, ಅಂಗಡಿ ಬಟ್ಟೇನಾ!" ಎಂದು ಮುದುಕಿ ಜೋನೆಟ್ ಎಲ್ಲರಿಗೂ ಕೇಳುವ ಹಾಗೆ ಲೊಚಗುಟ್ಟಿದಳು. "ಹೌದಜ್ಜಿ, ಅವಳದನ್ನ ಉಳಿದೋರೆಲ್ಲ ಉಟ್ಕೊಂಡು ಹೋದ್ರು," ಎಂದೆ. ಪಾದ್ರಿಗಳು ನನ್ನ ಕಡೆ ದುರುಗುಟ್ಟಿ ನೋಡಿದರು, ನೋಡಲಿ.

ನನಗೀಗ ಅರವತ್ತು ದಾಟಿದೆ. ನೂಲು, ತುತ್ತೂರಿ, ಇವನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ, ನನಗೇ ಸರಿಯಾಗಿ ಗೊತ್ತಿಲ್ಲ. ಆದರೆ ಅಮ್ಮ ನಂಬಿದ್ದಳು, ನಂಬಿ ಹೆದರಿಕೊಂಡೇ ಸತ್ತಳು. ನನ್ನನ್ನು ಅಮ್ಮನ ಪಕ್ಕದಲ್ಲೇ ಹೂಳಬೇಕು, ಆ ಅಂಗಿಯನ್ನು ನನ್ನ ಕೈಯಲ್ಲಿ ಇಡಬೇಕು ಎಂದು ಮಗಳಿಗೆ ಹೇಳಿದ್ದೇನೆ. ಮಣ್ಣಿಗೆ ಹಾಕಬೇಡ ಎಂದಿದ್ದಳು ಅಮ್ಮ. ಅವಳ ಈ ಒಂದು ಮಾತನ್ನು ನಾನು ಕೇಳುವುದಿಲ್ಲ. ನಾನು ಕಂಡೇ ಇರದ ಅಪ್ಪ, ಅಣ್ಣ, ಅಕ್ಕ ಆ ದಿನ ಎದ್ದು ಬಂದು ಹುಡುಕಾಡುತ್ತಿದ್ದರೆ, ಅಂಗಿ ಎತ್ತಿ ಹಿಡಿದು, ಹತ್ತಿಬಟ್ಟೆಯವಳ ಕೈ ಹಿಡಿದು ಮುಂದೆ ತಂದು, ಇವಳೇ ನಿಮ್ಮವಳು ಎಂದು ತೋರಿಸಲು ಯಾರಾದರೂ ಬೇಕಲ್ಲ.

ಮಗಳು ಹೂಂ ಎಂದಿದ್ದಾಳೆ. ಅಂಗಿ ಪೆಟ್ಟಿಗೆಯ ತಳದಲ್ಲಿದೆ, ಎಡಗಡೆಗೆ.